ಹಳೇ ಬಾಗಿಲು, ಗರಗಸದ ಹಿಂಬದಿ

ಕೆಂಪಾಪುರ, ಕಾಫಿ ಬೋರ್ಡ್ ಲೇಔಟ್ ಕಡೆ ಹಳೇ ಮನೆ ಕೆಡವಿದರೆ ಕಬ್ಬಿಣಕ್ಕೆ ಗಿರಾಕಿ ತಾನಾಗಿ ಬರುತ್ತಾನೆ. ಬಾಗಿಲುವಾಡದ ತೇಗ, ಹೊನ್ನೆ, ಮತ್ತಿಯ ತುಂಡುಗಳು ಎಷ್ಟೋ ಸಲ ಸ್ನಾನದ ಒಲೆ ಸೇರುತ್ತವೆ. ಇದು ನಷ್ಟ. ಹಸಿಮರದ ತೇವ ಶೇ. 30ರ ಆಸುಪಾಸಿನಿಂದ ಕೆಳಗಿಳಿದಾಗ ಅದು ಕುಗ್ಗತೊಡಗುತ್ತದೆ. ಅದೂ ಎಲ್ಲ ಕಡೆ ಒಂದೇ ಸಮ ಅಲ್ಲ: ಉಂಗುರಗಳ ಗುಂಟ ಆಗುವ ಕುಗ್ಗುವಿಕೆ, ತಿರುಳಿನಿಂದ ತೊಗಟೆಯ ಕಡೆಗಿನದಕ್ಕಿಂತ ಹೆಚ್ಚುಕಡಿಮೆ ಇಮ್ಮಡಿ. ಹಲಗೆ ತಿರುಚುವುದು, ಬಿರಿಯುವುದು ಇದರಿಂದಲೇ. ದಶಕಗಟ್ಟಲೆ ಚೌಕಟ್ಟಾಗಿ ನಿಂತ ಮರ ಈ ಆಟವನ್ನು ಬಹುಪಾಲು ಆಡಿ ಮುಗಿಸಿರುತ್ತದೆ. ಪುಟ್ಟ ಪೆಟ್ಟಿಗೆ, ಮಣೆ, ಗೋಡೆಕಪಾಟಿಗೆ ಇದಕ್ಕಿಂತ ಒಳ್ಳೆಯ ಮರ ಬೇಕಿಲ್ಲ. ಯಾವ ಮರವೆಂದು ಗೊತ್ತಾಗದಿದ್ದರೆ ಮಲ್ಲೇಶ್ವರದ 18ನೇ ಕ್ರಾಸ್‌ನಲ್ಲಿರುವ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆಯಲ್ಲಿ ಗುರುತಿಸಿಕೊಡುವ ವ್ಯವಸ್ಥೆ ಇದೆ.

ಕೊಯ್ಯುವ ಮುನ್ನ ಮೊಳೆ ಹುಡುಕಬೇಕು. ಕಬ್ಬಿಣ ಮತ್ತು ಮರದೊಳಗಿನ ಟ್ಯಾನಿನ್ ಸೇರಿದರೆ ನೀಲಿಗಪ್ಪು ಕಲೆ ಮೂಡುತ್ತದೆ. ತಲೆ ಮುರಿದು ಒಳಗೇ ಉಳಿದ ಮೊಳೆಯ ಸುಳಿವು ಅದು. ಅಯಸ್ಕಾಂತ ಆಡಿಸಿ ನೋಡಿ, ಆದರೆ ಹಿತ್ತಾಳೆ ಸ್ಕ್ರೂ ಅದಕ್ಕೆ ಸಿಗುವುದಿಲ್ಲ. ಗರಗಸದ ಹಲ್ಲಿನ ತುದಿಗೆ ಬೆಸೆದಿರುವ ಟಂಗ್‌ಸ್ಟನ್ ಕಾರ್ಬೈಡ್ ಬಲು ಗಡಸು, ಅಷ್ಟೇ ಪೆಡಸು. ಮೊಳೆಗೆ ತಗುಲಿದರೆ ಚಕ್ಕೆ ಎದ್ದು ಹಾರುತ್ತದೆ.

ಇನ್ನು ಟೇಬಲ್ ಸಾ. ಮೇಜಿನ ಸೀಳಿನಿಂದ ಮೇಲೆದ್ದ 10 ಅಂಗುಲದ ಬ್ಲೇಡ್ ನಿಮಿಷಕ್ಕೆ 4000 ಸುತ್ತು ಹಾಕಿದರೆ ಹಲ್ಲಿನ ವೇಗ ಗಂಟೆಗೆ ಸುಮಾರು 190 ಕಿ.ಮೀ. ಎಲ್ಲರಿಗೂ ಭಯ ಹುಟ್ಟಿಸುವುದು ಎದುರಿಗೆ ಕಾಣುವ ಹಲ್ಲುಗಳು. ಅವು ಕೆಳಮುಖವಾಗಿ ಇಳಿಯುತ್ತ ಮರವನ್ನು ಮೇಜಿಗೇ ಒತ್ತುತ್ತವೆ. ಅಪಾಯದ ಜಾಗ ಹಿಂಬದಿ: ಅಲ್ಲಿ ಹಲ್ಲುಗಳು ಮೇಲಕ್ಕೇರುತ್ತಿರುತ್ತವೆ. ಕೊಯ್ದ ಸೀಳು ಮುಚ್ಚಿಕೊಂಡು ಬ್ಲೇಡನ್ನು ಹಿಂದಿನಿಂದ ಕಚ್ಚಿತೋ, ಆ ಹಲ್ಲುಗಳು ಹಲಗೆಯನ್ನು ಎತ್ತಿ, ನೂಕುತ್ತಿರುವವನ ಹೊಟ್ಟೆಗೇ ಎಸೆಯುತ್ತವೆ. ಕೆಲವೊಮ್ಮೆ ಕೈಯನ್ನೂ ಬ್ಲೇಡಿಗೆ ಎಳೆದುಕೊಂಡು ಹೋಗುತ್ತವೆ. ಹಳೇ ಮರದಲ್ಲಿ ಈ ಭಯ ಹೆಚ್ಚು. ಒಳಗೆ ಉಳಿದ ಬಿಗಿತ ಕೊಯ್ದಾಗ ಸಡಿಲಗೊಂಡು ಸೀಳು ಮುಚ್ಚಬಹುದು. ಅಂಚು ಸೊಟ್ಟಗಿದ್ದರೆ ಹಲಗೆ ಪಕ್ಕದ ಫೆನ್ಸಿಗೆ ಒರಗದೆ ಹೊರಳುತ್ತದೆ. ಆದ್ದರಿಂದ ಒಂದು ಮೈ, ಒಂದು ಅಂಚನ್ನಾದರೂ ಕೀಸುಳಿಯಿಂದ ನೇರ ಮಾಡದೆ ಮೇಜಿಗೆ ಇಡಬಾರದು.

ಇದಕ್ಕೆ ಯಂತ್ರದಲ್ಲಿರುವ ಮದ್ದು ರೈವಿಂಗ್ ನೈಫ್. ಬ್ಲೇಡಿನ ಬೆನ್ನಿಗೇ ನಿಲ್ಲುವ, ಅದರ ಜೊತೆ ಏರಿ ಇಳಿಯುವ ಉಕ್ಕಿನ ತಗಡು ಅದು. ಸೀಳು ಮುಚ್ಚದಂತೆ ತಡೆಯುವುದಷ್ಟೇ ಅದರ ಕೆಲಸ. 1999ರಲ್ಲಿ ಅಮೆರಿಕದ ಸ್ಟೀಫನ್ ಗ್ಯಾಸ್ ಕಂಡುಹಿಡಿದ ಸಾಸ್ಟಾಪ್, ಬೆರಳು ತಾಕಿದ್ದನ್ನು ಚರ್ಮದ ವಿದ್ಯುತ್ ಗುಣದಿಂದ ಅರಿತು ಸುಮಾರು 5 ಮಿಲಿಸೆಕೆಂಡಿನಲ್ಲಿ ಬ್ಲೇಡನ್ನು ನಿಲ್ಲಿಸುತ್ತದೆ. ಜಾಣ ಯಂತ್ರ, ದುಬಾರಿಯೂ ಹೌದು. ಆದರೆ ಹಾರಿಬರುವ ಹಲಗೆಗೆ ಅದರ ಬ್ರೇಕಿನಿಂದ ಉಪಯೋಗವಿಲ್ಲ. ನನ್ನ ಲೆಕ್ಕದಲ್ಲಿ ಆ ಸಾದಾ ತಗಡೇ ಮೊದಲು.

ಬಣ್ಣದ ವಿಷಯವೂ ಇದೆ. ಮನೆಬಳಕೆಯ ಬಣ್ಣದಲ್ಲಿ ಸೀಸ 90 ಪಿಪಿಎಂ ಮೀರಬಾರದೆಂಬ ನಿಯಮ ನಮ್ಮಲ್ಲಿ ಜಾರಿಯಾದದ್ದು 2017ರ ನವೆಂಬರ್‌ನಲ್ಲಿ. ಅದಕ್ಕೂ ಹಿಂದಿನ ಬಣ್ಣದ ಬಾಗಿಲಿನಿಂದ ತರಕಾರಿ ಮಣೆ, ಮಕ್ಕಳ ಆಟಿಕೆ ಮಾಡಬೇಡಿ. ಬಣ್ಣವಿಲ್ಲದಿದ್ದರೂ ಮರದ ದೂಳು ಕ್ಯಾನ್ಸರ್‌ಕಾರಕವೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಪಟ್ಟಿ ಮಾಡಿದೆ, ಮುಖಗವಸು ಬೇಕೇ ಬೇಕು. ಕೈಗವಸು ಮಾತ್ರ ಬೇಡ, ಹಲ್ಲಿಗೆ ಸಿಕ್ಕರೆ ಕೈಯನ್ನೂ ಎಳೆಯುತ್ತದೆ. ಗರಗಸ ಕೊಳ್ಳಲು ಹೋದಾಗ ಮೋಟಾರಿನ ಎಚ್‌ಪಿ ಕೇಳುವ ಮೊದಲು ಬ್ಲೇಡಿನ ಹಿಂದೆ ಬಗ್ಗಿ ನೋಡಿ. ಅಲ್ಲಿ ತಗಡಿಲ್ಲದಿದ್ದರೆ ಬೇರೆ ಅಂಗಡಿಗೆ ಹೋಗಿ.