ಕರಿಯ ಅಕ್ಷರದ ಕಥೆ

ಹುಬ್ಬಳ್ಳಿಯ ದೇಶಪಾಂಡೆ ನಗರದಂತಹ ಬಡಾವಣೆಯ ಹಳೆಯ ಮನೆಯೊಂದರ ಪಡಸಾಲೆಯಲ್ಲಿ, ಕಟ್ಟು ಹಾಕಿಸಿ ತೂಗುಬಿಟ್ಟ ಇಂಗ್ಲಿಷ್ ಪ್ರಮಾಣಪತ್ರವೇನಾದರೂ ಕಣ್ಣಿಗೆ ಬಿದ್ದರೆ, ವಾಚಕರು ಅದರ ಶಿರೋನಾಮೆಯ ಮುಂದೆ ತುಸು ನಿಲ್ಲಬೇಕು. ಕಮಾನಿನಂತೆ ಮೊನಚಾದ ತಲೆ, ಈಟಿಯಂತಹ ಕಾಲು, ಒತ್ತೊತ್ತಾಗಿ ನಿಂತ ಕಪ್ಪು ಗೆರೆಗಳಿದ್ದರೆ ಅದೇ ಗಾಥಿಕ್ ಅಕ್ಷರ. ಮೊಳೆ ಸವೆದು, ಶಾಯಿ ಅಂಚಿನಾಚೆ ಹರಡಿ, ಕಾಗದದ ತರಿಯಲ್ಲಿ ಬಿಳಿಯ ಚುಕ್ಕೆಗಳುಳಿದಾಗ ಅದರ ಮೈ ಒರಟಾಗುತ್ತದೆ. ಅಂದಿನ ಮುದ್ರಕನಿಗೆ ದೋಷವಾಗಿದ್ದ ಆ ಒರಟುತನವನ್ನೇ ಇಂದು ಗಣಕಯಂತ್ರದಲ್ಲಿ ಬೇಕೆಂದೇ ರಚಿಸಿ, ಭಿತ್ತಿಪತ್ರಗಳ ತಲೆಬರಹಕ್ಕೆ ಬಳಸುತ್ತಾರೆ.

ಈ ಅಕ್ಷರದ ಜನ್ಮ ಅಗಲ ತುದಿಯ ಗರಿಲೇಖನಿಯಲ್ಲಿ. ಸುಮಾರು 1455ರಲ್ಲಿ ಮೈಂಟ್ಸ್ ನಗರದಲ್ಲಿ ಗುಟೆನ್‌ಬರ್ಗ್ ಮುದ್ರಿಸಿದ ಬೈಬಲ್ಲಿನ ಮೊಳೆಗಳು ಇದೇ ಮಾದರಿಯವು. ಯುರೋಪಿನ ಬಹುಭಾಗ ಕ್ರಮೇಣ ರೋಮನ್ ಅಕ್ಷರಕ್ಕೆ ತಿರುಗಿದರೂ ಜರ್ಮನರು ಮಾತ್ರ ಇದರ ‘ಫ್ರಾಕ್ಟೂರ್’ ಎಂಬ ರೂಪವನ್ನು ಶತಮಾನಗಳ ಕಾಲ ಕೈಬಿಡಲಿಲ್ಲ.

ಅದಕ್ಕೂ ನಮ್ಮ ಅವಳಿ ನಗರಗಳಿಗೂ ಏನು ಸಂಬಂಧ? ಬಾಸೆಲ್ ಮಿಶನ್ 1837ರಲ್ಲಿ ಧಾರವಾಡದಲ್ಲಿಯೂ 1839ರಲ್ಲಿ ಹುಬ್ಬಳ್ಳಿಯಲ್ಲಿಯೂ ನೆಲೆಯೂರಿತು. ಅದರ ಹರ್ಮನ್ ಮೋಗ್ಲಿಂಗ್ 1843ರಲ್ಲಿ ‘ಮಂಗಳೂರ ಸಮಾಚಾರ’ವನ್ನು ಕಲ್ಲಚ್ಚಿನಲ್ಲಿ ಹೊರಡಿಸಿದರು, ಫರ್ಡಿನಂಡ್ ಕಿಟೆಲ್ ಅವರ ನಿಘಂಟು 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾಯಿತು. ಮೊನಚು ಅಕ್ಷರಗಳನ್ನು ಓದಿ ಬೆಳೆದವರು ಅವರು. ಆದರೂ ಕನ್ನಡದ ದುಂಡು ಅಕ್ಷರ ಅವರ ಕೈಯಲ್ಲಿ ದುಂಡಾಗಿಯೇ ಉಳಿಯಿತು. ತಾಯ್ನಾಡಿಗೆ ಬರೆದ ಓಲೆಗಳನ್ನು ಮಾತ್ರ ಅವರು ಹಳೆಯ ಜರ್ಮನ್ ಕೈಬರಹದಲ್ಲಿ ಬರೆದರು. ಅಲ್ಲಿನ ಮಿಶನ್ ಪತ್ರಿಕೆಗಳು ಆ ಸುದ್ದಿಯನ್ನು ಫ್ರಾಕ್ಟೂರಿನಲ್ಲಿ ಅಚ್ಚಿಸಿದವು.

1941ರ ಜನವರಿ 3ರಂದು ನಾಜಿ ಪಕ್ಷದ ಮಾರ್ಟಿನ್ ಬೋರ್ಮನ್ ಸಹಿಯ ಸುತ್ತೋಲೆಯೊಂದು, ಈ ಅಕ್ಷರ ಯೆಹೂದ್ಯರದೆಂಬ ಹಸಿ ಸುಳ್ಳನ್ನು ಹೊರಿಸಿ, ಅದರ ಬಳಕೆಗೆ ತೆರೆಯೆಳೆಯಿತು. ಶಾಲೆಗಳೂ ರೋಮನ್ ಬರವಣಿಗೆಗೆ ತಿರುಗಿದವು. ಪರಿಣಾಮವಾಗಿ, ಅಜ್ಜನ ಕೈಬರಹ ಮೊಮ್ಮಗನಿಗೆ ಒಗಟಾಯಿತು. ಬಾಸೆಲ್‌ನ ಪತ್ರಾಗಾರದಲ್ಲಿ ಹತ್ತೊಂಬತ್ತನೆಯ ಶತಮಾನದ ನಮ್ಮ ನಾಡಿನ ವೃತ್ತಾಂತವಿದೆ. ಅದನ್ನು ಓದಹೊರಟವನು ಜರ್ಮನ್ ಭಾಷೆಯೊಂದನ್ನೇ ಅಲ್ಲ, ಆ ಹಳೆಯ ಬರಹವನ್ನೂ ಕಲಿಯಬೇಕು.

ಇದು ಪರದೇಶದ ಕಥೆಯೆಂದು ನಗುವಂತಿಲ್ಲ. ದೇಶಪಾಂಡೆ ಎಂಬುದು ಪರಗಣೆಯ ಲೆಕ್ಕಪತ್ರ ನೋಡುವ ವತನದಾರನ ಹುದ್ದೆ. ಆ ದಫ್ತರಗಳು ಮೋಡಿ ಲಿಪಿಯಲ್ಲಿದ್ದವು. ಅಚ್ಚಿನ ಸೌಕರ್ಯಕ್ಕೆ ಬಾಲಬೋಧ ಲಿಪಿ ಮುಂದೆ ಬಂದಿತು, ಮೋಡಿ ಹಿಂದೆ ಸರಿಯಿತು. ಅಟ್ಟದ ಮೇಲಿನ ಅಂತಹ ಕಾಗದದ ಕಟ್ಟನ್ನು ರದ್ದಿಗೆ ಹಾಕುವ ಮುನ್ನ ಓದಬಲ್ಲವರೊಬ್ಬರಿಗೆ ತೋರಿಸುವುದು ಲೇಸು. ಭಾಷೆ ಬದುಕಿದ್ದರೂ ಲಿಪಿ ಮರೆತರೆ ಮನೆಯ ಮಾತೇ ಪರರ ಮಾತಾಗುತ್ತದೆ.