ಹತ್ತು ಸೋಲಿನ ಋತು

2025ರ ಏಪ್ರಿಲ್ 6ರ ರಾತ್ರಿ. ಮಡಗಾಂವಿನ ಫತೋರ್ಡಾ ಮೈದಾನದಲ್ಲಿ ಇಂಡಿಯನ್ ಸೂಪರ್ ಲೀಗ್ (ಐಎಸ್‌ಎಲ್) ಫುಟ್‌ಬಾಲ್ ಸೆಮಿಫೈನಲ್‌ನ ಎರಡನೇ ಪಂದ್ಯ. 88ನೇ ನಿಮಿಷದಲ್ಲಿ ಎಫ್‌ಸಿ ಗೋವಾದ ಅರ್ಮಾಂಡೊ ಸಾದಿಕು ತಂಡದ ಎರಡನೇ ಗೋಲು ಹೊಡೆದಾಗ ಅಂಕೋಲಾ ಬಳಿಯ ಶೆಟಗೇರಿಯ ನಮ್ಮ ಮನೆಯಲ್ಲಿ ಟಿ.ವಿ. ಮುಂದೆ ಕೂತವರಲ್ಲಿ ಅರ್ಧ ಜನ ಎದ್ದು ಕುಣಿದರು, ಇನ್ನರ್ಧ ಜನ ತಲೆ ಮೇಲೆ ಕೈ ಹೊತ್ತರು. ನಮ್ಮ ಕಡೆ ಫುಟ್‌ಬಾಲ್ ಅಭಿಮಾನ ಹೀಗೇ ಎರಡು ಪಾಲು. ಅಂಕೋಲಾದಿಂದ ಫತೋರ್ಡಾ ಸುಮಾರು 100 ಕಿ.ಮೀ.; ಬೆಂಗಳೂರಿನ ಕಂಠೀರವ ಕ್ರೀಡಾಂಗಣ ಅದರ ನಾಲ್ಕು ಪಟ್ಟಿಗಿಂತಲೂ ಹೆಚ್ಚು ದೂರ. ಕಾರವಾರ ದಾಟಿ ಕಾಳಿ ಸೇತುವೆ ಆಚೆ ಹೋದರೆ ಗೋವಾ ಬಂದೇಬಿಟ್ಟಿತು ಎನ್ನುವ ಹುಡುಗರು ಗೋವಾ ತಂಡದ ಪರ ನಿಲ್ಲುವುದು ಸಹಜ. ನಾನು ಮಾತ್ರ ಬೆಂಗಳೂರು ಎಫ್‌ಸಿ ಪರ.

ಮೊದಲ ಪಂದ್ಯವನ್ನು ಬೆಂಗಳೂರು 2-0ಯಿಂದ ಗೆದ್ದಿತ್ತು. ಈಗ ಗೋವಾ ಎರಡು ಗೋಲು ಹೊಡೆದು ಲೆಕ್ಕ ಸಮ ಮಾಡಿತ್ತು. ಇನ್ನು ಹೆಚ್ಚುವರಿ ಸಮಯವೇ ಗತಿ ಎಂದುಕೊಳ್ಳುವಷ್ಟರಲ್ಲಿ ಬಲ ಅಂಚಿನಿಂದ ನಾಮ್‌ಗ್ಯಾಲ್ ಭುಟಿಯಾ ಚೆಂಡನ್ನು ಎತ್ತಿ ಕೊಟ್ಟರು. 40 ವರ್ಷದ ಸುನಿಲ್ ಚೆಟ್ರಿ ಗೋಲಿನೆದುರು ತಲೆ ಕೊಟ್ಟರು. ಒಟ್ಟು 3-2. ಬೆಂಗಳೂರು ಫೈನಲ್‌ಗೆ ಹೋಯಿತು.

ಆ ರಾತ್ರಿ ನನಗೆ ನೆನಪಾದದ್ದು ಚೆಟ್ರಿಯ ಹಳೆಯ ಗೋಲುಗಳೇನಲ್ಲ. ಸರಿಯಾಗಿ ಒಂದು ವರ್ಷದ ಹಿಂದೆ ಇದೇ ತಂಡ ನಿಂತಿದ್ದ ಜಾಗ ನೆನಪಾಯಿತು. ಹನ್ನೆರಡು ತಂಡಗಳಲ್ಲಿ ಹತ್ತನೆಯದು. 22 ಪಂದ್ಯ, 5 ಗೆಲುವು, 7 ಡ್ರಾ, 10 ಸೋಲು. ಐಎಸ್‌ಎಲ್‌ಗೆ ಬಂದ ಮೇಲೆ ಬೆಂಗಳೂರು ಅಷ್ಟು ಕೆಳಗೆ ಇಳಿದದ್ದೇ ಇರಲಿಲ್ಲ.

ಇಳಿದದ್ದು ಎಲ್ಲಿಂದ ಎಂಬುದನ್ನೂ ನೋಡಬೇಕು. ಕೋಚ್ ಸೈಮನ್ ಗ್ರೇಸನ್ 2022ರಲ್ಲಿ ಬಂದ ವರ್ಷವೇ ತಂಡ ಡುರಾಂಡ್ ಕಪ್ ಗೆದ್ದಿತು. 2023ರ ಮಾರ್ಚ್ 18ರಂದು ಇದೇ ಫತೋರ್ಡಾದಲ್ಲಿ ಐಎಸ್‌ಎಲ್ ಫೈನಲ್ ಆಡಿ, ಎಟಿಕೆ ಮೋಹನ್ ಬಾಗನ್ ಎದುರು ಪೆನಾಲ್ಟಿ ಶೂಟೌಟ್‌ನಲ್ಲಿ ಸೋತಿತು. ಏಪ್ರಿಲ್‌ನಲ್ಲಿ ಸೂಪರ್ ಕಪ್ ಫೈನಲ್ ಕೂಡ ಆಡಿತು. ಆಮೇಲೆ ತಂಡ ಕರಗತೊಡಗಿತು. ರಾಯ್ ಕೃಷ್ಣ ಒಡಿಶಾಕ್ಕೆ ಹೋದರು. ಸಂದೇಶ್ ಜಿಂಗನ್, ಉದಾಂತ ಸಿಂಗ್ ಗೋವಾಕ್ಕೆ ಹೋದರು. ಸೆಪ್ಟೆಂಬರ್ 21ರಂದು ಕೊಚ್ಚಿಯಲ್ಲಿ ಕೇರಳ ಬ್ಲಾಸ್ಟರ್ಸ್ ವಿರುದ್ಧ ಹೊಸ ಋತುವಿನ ಮೊದಲ ಪಂದ್ಯ. ಗೋಲ್‌ಕೀಪರ್ ಗುರ್‌ಪ್ರೀತ್ ಸಿಂಗ್ ಸಂಧು ಕಾಲಲ್ಲಿ ಚೆಂಡಿಟ್ಟುಕೊಂಡು ಒಂದು ಕ್ಷಣ ತಡೆದರು. ಅಡ್ರಿಯನ್ ಲೂನಾ ನುಗ್ಗಿ ಬಂದು ಕಸಿದು ಖಾಲಿ ಬಲೆಗೆ ತಳ್ಳಿದರು. ದೇಶದ ಅನುಭವಿ ಗೋಲ್‌ಕೀಪರ್ ಹಾಗೆ ತಡವರಿಸಿದ್ದನ್ನು ಕಂಡಾಗಲೇ ಈ ವರ್ಷ ಕಷ್ಟವಿದೆ ಎಂದು ಅನ್ನಿಸಿತ್ತು. ಡಿಸೆಂಬರ್ 8ರಂದು ಕಂಠೀರವದಲ್ಲೇ ಮುಂಬೈ ಸಿಟಿ 4-0ಯಿಂದ ಸೋಲಿಸಿತು. ಅಷ್ಟು ಹೊತ್ತಿಗೆ ತಂಡ ಗೆದ್ದದ್ದು ಒಂದೇ ಪಂದ್ಯ. ಮರುದಿನ ಗ್ರೇಸನ್ ಹೊರಟರು.

ಸ್ಪೇನಿನ ಗೆರಾರ್ಡ್ ಜರಗೋಜ ಹೊಸ ಕೋಚ್ ಆಗಿ ಬಂದರು. ಬಂದ ತಕ್ಷಣ ಎಲ್ಲ ಸರಿಹೋಗಲಿಲ್ಲ. ಬೇರೊಬ್ಬರು ಕಟ್ಟಿದ ತಂಡ, ಬೇರೊಬ್ಬರ ಯೋಜನೆ, ಅರ್ಧ ಮುಗಿದ ಋತು. 2024ರ ಏಪ್ರಿಲ್ 11ರಂದು ಅದೇ ಕಂಠೀರವದಲ್ಲಿ ಮೋಹನ್ ಬಾಗನ್ ಕೈಯಲ್ಲಿ ಮತ್ತೆ 4-0. ಗ್ರೇಸನ್ ಕೆಲಸ ಕಳೆದುಕೊಂಡದ್ದು ಯಾವ ಅಂತರದ ಸೋಲಿಗೋ ಅದೇ ಅಂತರದಲ್ಲಿ ಜರಗೋಜ ಕೂಡ ಸೋತರು. ಈ ಸಲ ಕ್ಲಬ್ ಕೋಚ್‌ನನ್ನು ಕಳಿಸಲಿಲ್ಲ. ಆ ಇಡೀ ಕಥೆಯಲ್ಲಿ ನನಗೆ ಅತಿ ದೊಡ್ಡದಾಗಿ ಕಾಣುವುದು ಈ ತೀರ್ಮಾನವೇ.

ಇದನ್ನು ಹೇಳುವಾಗ ನಾನು ಓದಿದ ಕಾಲೇಜಿನ ತಂಡ ಕಣ್ಮುಂದೆ ಬರುತ್ತದೆ. ಒಂದು ವರ್ಷ ಹೊಸ ತರಬೇತುದಾರರೊಬ್ಬರು ಬಂದಿದ್ದರು. ಅಲ್ಲಿಯವರೆಗೆ ನಮಗೆ ಫುಟ್‌ಬಾಲ್ ಎಂದರೆ ಚೆಂಡು ಹೋದ ಕಡೆ ಹನ್ನೊಂದೂ ಜನ ಓಡುವುದು. ಕೊಯ್ಲಾದ ಗದ್ದೆಯ ಕೂಳೆ ತುಳಿದು ಬರಿಗಾಲಲ್ಲಿ ಕಲಿತ ಆಟ. ಅವರು ಮೊದಲ ದಿನವೇ ದನ ಕಟ್ಟುವ ಉದ್ದನೆಯ ಹಗ್ಗ ತಂದರು. ಹಿಂದೆ ಆಡುವ ನಾಲ್ವರನ್ನು ಸಾಲಾಗಿ ನಿಲ್ಲಿಸಿ, ನಾಲ್ವರ ಕೈಗೂ ಅದೇ ಹಗ್ಗ ಕೊಟ್ಟರು. ಒಬ್ಬ ಎಡಕ್ಕೆ ಸರಿದರೆ ಉಳಿದ ಮೂವರೂ ಎಡಕ್ಕೆ ಸರಿಯಬೇಕು, ಒಬ್ಬ ಮುಂದೆ ಹೋದರೆ ಎಲ್ಲರೂ ಮುಂದೆ. ಹಗ್ಗ ಜೋಲಬಾರದು, ಬಿಗಿದು ಕೈ ಜಗ್ಗಲೂಬಾರದು. ತಿಂಗಳುಗಟ್ಟಲೆ ಮಳೆಯ ಕೆಸರಲ್ಲಿ ಹಾಗೆ ನಡೆದೆವು. ಅಂಗೈಯಲ್ಲಿ ಹುರಿಯ ಗೆರೆ ಮೂಡಿತ್ತು.

ಅಂತರ ಕಾಲೇಜು ಪಂದ್ಯಾವಳಿಯ ಮೊದಲ ಪಂದ್ಯದಲ್ಲೇ ನಾವು 3-0ಯಿಂದ ಸೋತೆವು. ಹಗ್ಗ ಕೈಯಲ್ಲಿದ್ದಾಗ ಬರುತ್ತಿದ್ದ ನಡಿಗೆ ಪಂದ್ಯದಲ್ಲಿ ಬರಲಿಲ್ಲ. ಮೂರೂ ಗೋಲು ಸಾಲು ತಪ್ಪಿದ ಜಾಗದಿಂದಲೇ ಬಂದವು. ಅಲ್ಲಿಗೆ ನಮ್ಮ ವರ್ಷ ಮುಗಿಯಿತು. ಮುಂದಿನ ವರ್ಷ ಆ ತರಬೇತುದಾರರನ್ನು ಕರೆಯಲಿಲ್ಲ. ಹಗ್ಗ ಕ್ರೀಡಾ ಸಾಮಗ್ರಿಯ ಕೋಣೆಯಲ್ಲಿ ಉಳಿಯಿತು.

ನಮ್ಮ ಕಾಲೇಜು ಪಂದ್ಯಾವಳಿಗಳು ಹೆಚ್ಚಾಗಿ ನಾಕೌಟ್ ಮಾದರಿಯವು. ಒಮ್ಮೆ ಸೋತವನು ಚೀಲ ಕಟ್ಟಿ ಬಸ್ಸು ಹತ್ತಬೇಕು. ಹತ್ತು ಸಲ ಸೋತು, ಪ್ರತಿ ಸೋಲಿನ ಮರುದಿನ ಮೈದಾನಕ್ಕೆ ಬಂದು ತಪ್ಪು ತಿದ್ದಿಕೊಳ್ಳುವ ಅವಕಾಶ ನಮ್ಮ ಹುಡುಗ ಹುಡುಗಿಯರಿಗೆ ಸಿಗುವುದೇ ಇಲ್ಲ. ಬೆಂಗಳೂರು ಎಫ್‌ಸಿಗೆ ಸಿಕ್ಕ ಆ ಕೆಟ್ಟ ಋತುವನ್ನು ನಾನು ಭಾಗ್ಯ ಎಂದೇ ಕರೆಯುತ್ತೇನೆ. ಪದವಿ ತರಗತಿಯ ಆಟಗಾರನಿಗೆ ಕಾಲೇಜಿನಲ್ಲಿ ಇರುವುದೇ ಮೂರು ವರ್ಷ. ವರ್ಷಕ್ಕೆ ಒಂದೇ ಪಂದ್ಯವಾದರೆ ಅವನು ಕಲಿಯುವುದು ಯಾವಾಗ?

ಬೆಂಗಳೂರು ಎಫ್‌ಸಿಗೆ ಹೊಸ ಋತು ಬಂತು. ರಾಹುಲ್ ಭೇಕೆ ಮರಳಿ ಬಂದರು, ಮುಂಬೈ ಸಿಟಿಯಿಂದ ಆಲ್ಬರ್ಟೊ ನೊಗುವೆರ, ಹೋರ್ಹೆ ಪೆರೇರ ಡಿಯಾಸ್ ಬಂದರು. ಗೆಲುವಿನಲ್ಲಿ ಅವರ ಪಾಲೂ ದೊಡ್ಡದು; ಕೋಚ್ ಒಬ್ಬರೇ ಎಲ್ಲ ಮಾಡಿದರು ಎಂದರೆ ತಪ್ಪಾಗುತ್ತದೆ. 2024ರ ಸೆಪ್ಟೆಂಬರ್ 14ರಂದು ಈಸ್ಟ್ ಬೆಂಗಾಲ್ ವಿರುದ್ಧದ ಮೊದಲ ಪಂದ್ಯದ ಏಕೈಕ ಗೋಲು ಹೊಡೆದದ್ದು ಮಾತ್ರ 19 ವರ್ಷದ ಬೆಂಗಳೂರಿನ ಹುಡುಗ ವಿನೀತ್ ವೆಂಕಟೇಶ್. ಅದೇ ತಿಂಗಳ 28ರಂದು ಕಂಠೀರವಕ್ಕೆ ಮೋಹನ್ ಬಾಗನ್ ಬಂದಾಗ ಬೆಂಗಳೂರು 3-0ಯಿಂದ ಗೆದ್ದಿತು. ಮೊದಲ ಐದು ಪಂದ್ಯಗಳಲ್ಲಿ ಒಂದೇ ಒಂದು ಗೋಲನ್ನೂ ಬಿಟ್ಟುಕೊಡಲಿಲ್ಲ. ಹಿಂದಿನ ಸಾಲು ಒಟ್ಟಿಗೆ ಸರಿಯುವುದನ್ನು ನೋಡುತ್ತ ನನ್ನ ಅಂಗೈ ತಾನಾಗಿಯೇ ಮುಚ್ಚಿಕೊಳ್ಳುತ್ತಿತ್ತು. ಲೀಗ್‌ನಲ್ಲಿ ಮೂರನೇ ಸ್ಥಾನ. ನಾಕೌಟ್‌ನಲ್ಲಿ ಮುಂಬೈ ಸಿಟಿ ವಿರುದ್ಧ 5-0. ಆಮೇಲೆ ಫತೋರ್ಡಾದ ಆ ರಾತ್ರಿ. ಏಪ್ರಿಲ್ 12ರಂದು ಕೋಲ್ಕತ್ತದ ಫೈನಲ್‌ನಲ್ಲಿ ಮೋಹನ್ ಬಾಗನ್ ಎದುರು ಹೆಚ್ಚುವರಿ ಸಮಯದಲ್ಲಿ 2-1ರಿಂದ ಸೋತರು. ಕಪ್ ಬರಲಿಲ್ಲ. ಹತ್ತನೇ ಸ್ಥಾನದಿಂದ ಒಂದೇ ವರ್ಷದಲ್ಲಿ ಅಲ್ಲಿಗೆ ತಲುಪಿದ ತಂಡದ ಬಗ್ಗೆ ನನಗೆ ಇವತ್ತಿಗೂ ಹೆಮ್ಮೆಯಿದೆ.

ಕೋಚ್ ಬದಲಿಸಿಯೇ ಗೆದ್ದವರೂ ಇದ್ದಾರೆ, ಅದನ್ನು ಮುಚ್ಚಿಡುವುದಿಲ್ಲ. ಕ್ರಿಕೆಟ್‌ನಲ್ಲಿ ಆರ್‌ಸಿಬಿ ಮಹಿಳಾ ತಂಡ 2023ರ ಮೊದಲ ಮಹಿಳಾ ಪ್ರೀಮಿಯರ್ ಲೀಗ್‌ನಲ್ಲಿ (ಡಬ್ಲ್ಯುಪಿಎಲ್) ಸತತ ಐದು ಪಂದ್ಯ ಸೋತು, ಎಂಟರಲ್ಲಿ ಎರಡನ್ನಷ್ಟೇ ಗೆದ್ದಿತ್ತು. ಬೆನ್ ಸಾಯರ್ ಜಾಗಕ್ಕೆ ಲ್ಯೂಕ್ ವಿಲಿಯಮ್ಸ್ ಬಂದರು. 2024ರ ಮಾರ್ಚ್ 17ರಂದು ಸ್ಮೃತಿ ಮಂದಾನ ಕಪ್ ಎತ್ತಿದರು. ಆದರೆ ಅಲ್ಲೂ ನಾಯಕಿ ಬದಲಾಗಲಿಲ್ಲ. ಸೋಲಿನ ಮುಂದಾಳತ್ವ ವಹಿಸಿದ್ದ ಸ್ಮೃತಿಗೇ ಎರಡನೇ ವರ್ಷವೂ ತಂಡ ಕೊಟ್ಟರು.

ಕಾರವಾರ, ಅಂಕೋಲಾ, ಕುಮಟಾ ಕಾಲೇಜುಗಳ ಆಡಳಿತ ಮಂಡಳಿಯವರಲ್ಲಿ ಮತ್ತು ದೈಹಿಕ ಶಿಕ್ಷಣ ನಿರ್ದೇಶಕರಲ್ಲಿ ನನ್ನದೊಂದು ವಿನಂತಿ. ಕಾರವಾರದಲ್ಲಿ ಮಾಲಾದೇವಿ ಮೈದಾನವಿದೆ, ಅಂಕೋಲಾದಲ್ಲಿ ಜೈಹಿಂದ್ ಮೈದಾನವಿದೆ. ನಾಲ್ಕೈದು ಕಾಲೇಜುಗಳು ಸೇರಿ ಒಂದು ಪುಟ್ಟ ಲೀಗ್ ಮಾಡಿ. ಪ್ರತಿ ತಂಡವೂ ಪ್ರತಿ ತಂಡದ ಜೊತೆ ಎರಡು ಸಲ ಆಡಲಿ. ಎಲ್ಲ ಪಂದ್ಯ ಸೋತ ತಂಡ ಯಾವುದು ಎಂದು ಋತುವಿನ ಕೊನೆಗೆ ನೋಡಿ, ಅದರ ತರಬೇತುದಾರರಿಗೆ ಮುಂದಿನ ಜೂನ್‌ಗೂ ಬನ್ನಿ ಎಂದು ಅಂದೇ ಪತ್ರ ಕೊಡಿ.