ನಿಮಗಿದು ಗೊತ್ತೆ? ಕ್ರಿಸ್‌ಮಸ್ ಮರಕ್ಕೆ ಗಾಜಿನ ಹಣ್ಣು

ಕ್ರಿಸ್‌ಮಸ್ ಮರದಲ್ಲಿ ಗಾಜಿನ ಗುಂಡುಗಳು ತೂಗುವ ಮುಂಚೆ ನಿಜವಾದ ಸೇಬುಗಳೇ ತೂಗುತ್ತಿದ್ದವು. ಸ್ಟ್ರಾಸ್‌ಬರ್ಗ್‌ನ ಜನ ಮನೆಯೊಳಗೆ ಫರ್ ಮರ ನಿಲ್ಲಿಸಿ ಸೇಬು, ಬಣ್ಣದ ಕಾಗದದ ಗುಲಾಬಿ, ಸಿಹಿತಿನಿಸು ಕಟ್ಟುತ್ತಿದ್ದರೆಂದು 1605ರ ಬರಹವೊಂದು ಹೇಳುತ್ತದೆ.

1858ರಲ್ಲಿ ಬರ ಬಂದು ಸೇಬು ಸಿಗದಾದಾಗ ಗಾಜುಗಾರನೊಬ್ಬ ಗಾಜಿನಲ್ಲೇ ಹಣ್ಣು ಊದಿದನೆಂಬ ಕತೆ ಫ್ರಾನ್ಸಿನ ಮೈಸೆಂತಾಲ್ ಊರಿನಲ್ಲಿ ಇಂದಿಗೂ ಪ್ರಚಲಿತ.

ಜರ್ಮನಿಯ ಲೌಶಾ ಊರಿನ ಕುಶಲಕರ್ಮಿಗಳ ಕೈಚಳಕವಂತೂ ನೋಡಲೇಬೇಕಾದದ್ದು. ಕಾದ ಗಾಜಿನ ಕೊಳವೆಯನ್ನು ಅಚ್ಚಿನೊಳಗಿಟ್ಟು ಊದಿದರೆ ಪೈನ್ ಕಾಯಿ, ಅಕ್ರೋಟು, ದ್ರಾಕ್ಷಿಗೊಂಚಲು ಮೂಡುತ್ತವೆ. ಒಳಗೆ ಬೆಳ್ಳಿಯ ದ್ರಾವಣ ಸುರಿದು ಅಲುಗಾಡಿಸಿದರೆ ಕನ್ನಡಿಯಂಥ ಹೊಳಪು! ಪುಟ್ಟ ಹಕ್ಕಿಗಳಿಗೆ ನವಿರಾದ ಗಾಜಿನೆಳೆಗಳ ಕುಚ್ಚೇ ಬಾಲ. 1880ರ ದಶಕದಲ್ಲಿ ವೂಲ್‌ವರ್ತ್ ಮಳಿಗೆಗಳು ಇವನ್ನು ಅಮೆರಿಕದ ಮನೆಮನೆಗೆ ಮುಟ್ಟಿಸಿದವು.